ಟೈಟಲ್ ಪೂರ್ತಿ ಪೇಸ್ಟ್ ಮಾಡಿ "ಒಂದೂ ಸ್ಟಡಿ ಇಲ್ಲ ಮೇಡಂ" ಅನ್ನೋವ್ರಿಗೆ

ಡಿಸರ್ಟೇಶನ್‌ಗೆ ಮುಂಚೆ ಅದರ ಯೋಜನೆ, ಅಂದ್ರೆ ಸಿನಾಪ್ಸಿಸ್, ಕೊಡೋ ಟೈಮ್ ಬಂತು ಅಂದ್ರೆ ನನ್ನ ಟೇಬಲ್ ಮುಂದೆ ಪ್ರತಿ ವರ್ಷ ಅದೇ ಮಾತು. "ಮೇಡಂ, ಈ ಟಾಪಿಕ್ ಮೇಲೆ ಯಾರೂ ಕೆಲಸ ಮಾಡಿಲ್ಲ, ಪಬ್‌ಮೆಡ್‌ನಲ್ಲಿ ನೋಡ್ದೆ, ಸೊನ್ನೆ ಬಂತು." ಪಬ್‌ಮೆಡ್ ಅಂದ್ರೆ ವೈದ್ಯಕೀಯ ಲೇಖನಗಳನ್ನ ಹುಡುಕೋ ವೆಬ್‌ಸೈಟ್. ಫಿಸಿಯೋಥೆರಪಿಯಲ್ಲಿ ಮಾಸ್ಟರ್ಸ್ ಮಾಡೋ ಎಂಪಿಟಿ ಮಕ್ಕಳು ಇದನ್ನ ಖುಷಿಯಿಂದ ಹೇಳ್ತಾರೆ, ರಿಸರ್ಚ್ ಗ್ಯಾಪ್ ಸಿಕ್ಕಿಬಿಡ್ತು ಅಂತ. ಏನು ಟೈಪ್ ಮಾಡಿದ್ದೆ ತೋರಿಸಮ್ಮ ಅಂದ್ರೆ, ಡಿಸರ್ಟೇಶನ್ ಟೈಟಲ್ ಇದ್ದ ಹಾಗೇ ಪೇಸ್ಟ್ ಆಗಿರುತ್ತೆ. ಡಯಾಬಿಟಿಸ್ ಇರೋ 40ರಿಂದ 60 ವರ್ಷದವರ ಅಡ್ಹೆಸಿವ್ ಕ್ಯಾಪ್ಸುಲೈಟಿಸ್‌ನಲ್ಲಿ ನೋವು, ರೇಂಜ್ ಆಫ್ ಮೋಶನ್, ಫಂಕ್ಷನಲ್ ಡಿಸೆಬಿಲಿಟಿ ಮೇಲೆ ಮಲ್ಲಿಗನ್ ವರ್ಸಸ್ ಮೇಯ್ಟ್‌ಲ್ಯಾಂಡ್ ವಿತ್ ಕನ್ವೆನ್ಷನಲ್ ಫಿಸಿಯೋಥೆರಪಿ, ಇಷ್ಟೂ ಒಂದೇ ಬಾಕ್ಸ್‌ನಲ್ಲಿ. (ಅಡ್ಹೆಸಿವ್ ಕ್ಯಾಪ್ಸುಲೈಟಿಸ್ ಅಂದ್ರೆ ಭುಜ ಬಿಗಿಯಾಗಿ ಹಿಡ್ಕೊಳ್ಳೋ ಕಾಯಿಲೆ; ಮಲ್ಲಿಗನ್, ಮೇಯ್ಟ್‌ಲ್ಯಾಂಡ್ ಅಂದ್ರೆ ಕೈಯಿಂದ ಕೀಲು ಆಡಿಸೋ ಎರಡು ಮೊಬಿಲೈಸೇಶನ್ ವಿಧಾನ.)

ಪಬ್‌ಮೆಡ್‌ನಲ್ಲಿ 3 ಕೋಟಿಗೂ ಜಾಸ್ತಿ ಲೇಖನಗಳ ಮಾಹಿತಿ ಇದೆ. ಆದ್ರೆ ನೀವು ಪಕ್ಕಪಕ್ಕ ಹಾಕೋ ಪದಗಳ ನಡುವೆ ಅದು ತಾನಾಗೇ 'ಆ್ಯಂಡ್' ಸೇರಿಸ್ಕೊಳ್ಳುತ್ತೆ, ಅಂದ್ರೆ ಎಲ್ಲಾ ಪದಾನೂ ಇರೋ ಲೇಖನ ಮಾತ್ರ ಬೇಕು ಅಂತ ಅರ್ಥ ಮಾಡ್ಕೊಳ್ಳುತ್ತೆ. ಬಾಡಿಗೆ ಮನೆ ಹುಡುಕೋವಾಗ ಪೂರ್ವದ ಬಾಗಿಲು, ಕಾವೇರಿ ನೀರು, ಎರಡು ಬಾತ್‌ರೂಮ್, ಬಸ್ ಸ್ಟಾಪ್ ಪಕ್ಕ, ಮುಂದೆ ಹೊಂಗೆ ಮರ ಅಂತ ಸೇರಿಸ್ತಾ ಹೋದ್ರೆ ಬೆಂಗಳೂರಲ್ಲಿ ಮನೆಯೇ ಇಲ್ಲ ಅನ್ನಿಸುತ್ತಲ್ಲ, ಹಾಗೆ. ಫಂಕ್ಷನಲ್ ಡಿಸೆಬಿಲಿಟಿ ಅಂತ ನೀವು ಹಾಕ್ತೀರಿ, ಅವರು ಅಬ್‌ಸ್ಟ್ರ್ಯಾಕ್ಟ್‌ನಲ್ಲಿ ಬರೀ ಸ್ಪಾಡಿ ಸ್ಕೋರ್ (ಭುಜದ ನೋವು, ತೊಂದರೆ ಅಳೆಯೋ ಪ್ರಶ್ನಾವಳಿಯ ಅಂಕ) ಅಂತ ಬರೆದಿರ್ತಾರೆ, ಆ ಪೇಪರ್ ನಿಮ್ಮ ಕೈ ತಪ್ಪೋಯ್ತು. ಕನ್ವೆನ್ಷನಲ್ ಫಿಸಿಯೋಥೆರಪಿ ಅನ್ನೋದನ್ನಂತೂ ಹುಡುಕ್ಲೇಬೇಡಿ, ಅದಕ್ಕೆ ಒಬ್ಬೊಬ್ಬರದ್ದು ಒಂದೊಂದು ಅರ್ಥ.

ಹಾಗಾಗಿ ಕಾಯಿಲೆ ಮತ್ತೆ ಚಿಕಿತ್ಸೆ, ಎರಡೇ ವಿಷಯದಿಂದ ಶುರು ಮಾಡಿ. ಔಟ್‌ಕಮ್, ವಯಸ್ಸು, ಹೋಲಿಕೆ ಎಲ್ಲಾ ಸದ್ಯಕ್ಕೆ ಬಿಡಿ, ಅದನ್ನ ಓದಿ ನೀವೇ ಸೋಸ್ಕೊಳ್ಳಿ.

ನಾನು ಬಾಯಿ ನೋಯೋವರೆಗೂ ಹೇಳೋದು ಇದು: ಒಂದೊಂದು ವಿಷಯಕ್ಕೂ ಎಷ್ಟು ಹೆಸರಿದೆ ಅಂತ ಮೊದಲು ಪೇಪರ್ ಮೇಲೆ ಬರೀರಿ. ಈ ಭುಜಾನೇ ನೋಡಿ. 1872ರಲ್ಲಿ ಫ್ರಾನ್ಸಿನ ಡ್ಯುಪ್ಲೇ ಇದನ್ನ ಪೆರಿಆರ್ಥ್ರೈಟಿಸ್ ಅಂದ್ರು, ನಮ್ಮ ಓಪಿಡಿ ಚೀಟಿಗಳಲ್ಲಿ ಇವತ್ತಿಗೂ 'ಪಿಎ ಶೋಲ್ಡರ್' ಅಂತಾನೇ ಬರುತ್ತೆ. 1934ರಲ್ಲಿ ಅಮೆರಿಕದ ಕಾಡ್ಮನ್ ಫ್ರೋಜನ್ ಶೋಲ್ಡರ್ ಅಂದ್ರು, 1945ರಲ್ಲಿ ನೆವಿಯಾಸರ್ ಅಡ್ಹೆಸಿವ್ ಕ್ಯಾಪ್ಸುಲೈಟಿಸ್ ಅಂದ್ರು. ಜಪಾನಿನಲ್ಲಂತೂ ಜನ ಇದನ್ನ ಐವತ್ತರ ಭುಜ ಅಂತಾರೆ. ಕಾಯಿಲೆ ಒಂದೇ, ಆದ್ರೆ ಲೇಖನಗಳು ಈ ಎಲ್ಲಾ ಹೆಸರಲ್ಲೂ ಚೆಲ್ಲಾಪಿಲ್ಲಿಯಾಗಿ ಬಿದ್ದಿವೆ. ಈ ಹೆಸರುಗಳನ್ನೆಲ್ಲ ನಡುವೆ 'ಆರ್' ಹಾಕಿ ಒಂದು ಬ್ರಾಕೆಟ್ ಒಳಗೆ ಸೇರಿಸಿ, ಚಿಕಿತ್ಸೆಯ ಹೆಸರುಗಳನ್ನ ಇನ್ನೊಂದು ಬ್ರಾಕೆಟ್‌ಗೆ, ಎರಡು ಬ್ರಾಕೆಟ್ ನಡುವೆ ಮಾತ್ರ ಆ್ಯಂಡ್. ಆ್ಯಂಡ್, ಆರ್ ಎರಡೂ ಇಂಗ್ಲಿಷ್ ಕ್ಯಾಪಿಟಲ್ ಅಕ್ಷರದಲ್ಲೇ ಇರ್ಲಿ. ಮೊಬಿಲೈಸೇಶನ್ ಸ್ಪೆಲ್ಲಿಂಗ್‌ನಲ್ಲಿ 'ಎಸ್' ಹಾಕೋರೂ ಇದ್ದಾರೆ 'ಝಡ್' ಹಾಕೋರೂ ಇದ್ದಾರೆ, ಎರಡನ್ನೂ ಕೊಡಿ.

ಪಬ್‌ಮೆಡ್ ಲೇಖನಗಳಿಗೆ ವಿಷಯದ ಪ್ರಕಾರ ಹಚ್ಚೋ ಲೇಬಲ್, ಅಂದ್ರೆ ಮೆಶ್ ಹೆಡಿಂಗ್, ಒಂದೇ ಸಾಕಲ್ವಾ ಅಂತ ಕೇಳ್ತಾರೆ. ಸಾಲಲ್ಲ. ಮೆಶ್ ಪಟ್ಟಿಯಲ್ಲಿ ಅಡ್ಹೆಸಿವ್ ಕ್ಯಾಪ್ಸುಲೈಟಿಸ್ ಸೇರಿರೋದು ಬರ್ಸೈಟಿಸ್ (ಕೀಲಿನ ಹತ್ರ ಇರೋ ಬರ್ಸಾ ಅನ್ನೋ ದ್ರವದ ಚೀಲದ ಉರಿಯೂತ) ಅನ್ನೋ ಹೆಡಿಂಗ್ ಒಳಗೆ, ಅದೊಂದನ್ನೇ ಹಾಕಿದ್ರೆ ಸೊಂಟದ ಬರ್ಸಾ, ಮೊಣಕೈ ಬರ್ಸಾ ಎಲ್ಲಾ ಬರುತ್ತೆ. ಮೇಲಾಗಿ ತೀರಾ ಹೊಸ ಲೇಖನಗಳಿಗೆ ಮೆಶ್ ಲೇಬಲ್ ಇನ್ನೂ ಬಿದ್ದಿರದೇ ಇರಬಹುದು. ಮೆಶ್ ಜೊತೆಗೆ ಮಾಮೂಲಿ ಪದಗಳೂ ಇರ್ಲಿ.

ಕ್ಲಿನಿಕ್ ನಡೆಸೋ ಫಿಸಿಯೋಗಳಿಗೆ ಇಷ್ಟೆಲ್ಲಾ ಟೈಮ್ ಇರಲ್ಲ, ನಂಗೊತ್ತು. ಅವರಿಗೆ ನಾನು ಹೇಳೋದು ಪೆಡ್ರೊ. ಸಿಡ್ನಿಯಲ್ಲಿ 1999ರಲ್ಲಿ ನಮ್ಮ ಕಸುಬಿಗೆ ಅಂತಾನೇ ಶುರುವಾದ ಡೇಟಾಬೇಸ್, ಫ್ರೀ. ನನ್ನ ಹತ್ರ ಒಬ್ರು ಹೂ ಮಾರೋ ಅಮ್ಮ ಬರ್ತಿದ್ರು, ಶುಗರ್ ಇತ್ತು, ಭುಜ ಹಿಡ್ಕೊಂಡಿತ್ತು. "ದಿನಾ ಮಾರು ಮಾರು ಮಲ್ಲಿಗೆ ಕಟ್ತೀನಿ, ನನ್ ತುರುಬಿಗೆ ಒಂದು ತುಂಡು ಮುಡಿಯೋಕೆ ಕೈ ಹಿಂದಕ್ಕೆ ಹೋಗಲ್ಲ ಕಣವ್ವಾ" ಅಂತ ಕಣ್ಣೀರು ಹಾಕಿದ್ರು. ಅವತ್ತು ರಾತ್ರಿ ಪೆಡ್ರೊ ಅಡ್ವಾನ್ಸ್ಡ್ ಸರ್ಚ್‌ನಲ್ಲಿ ದೇಹದ ಭಾಗ ಭುಜ, ಮೆಥಡ್ ಸಿಸ್ಟಮ್ಯಾಟಿಕ್ ರಿವ್ಯೂ (ಇರೋ ಸ್ಟಡಿಗಳನ್ನೆಲ್ಲ ಒಟ್ಟುಗೂಡಿಸಿ ನೋಡೋ ಲೇಖನ) ಅಂತ ಆರಿಸಿ ಒಂದೇ ಪದ ಟೈಪ್ ಮಾಡ್ದೆ, ಊಟ ಮುಗಿಸೋಷ್ಟರಲ್ಲಿ ಓದ್ಬೇಕಾದ ಪೇಪರ್‌ಗಳು ಮುಂದಿದ್ವು. ಅಲ್ಲಿ ಒಂದೇ ಸರ್ಚ್‌ನಲ್ಲಿ ಆ್ಯಂಡ್, ಆರ್ ಎರಡನ್ನೂ ಬೆರೆಸೋಕಾಗಲ್ಲ, ಕೆಳಗೆ ಒಂದನ್ನ ಆರಿಸ್ಕೊಬೇಕು, ಅದಕ್ಕೇ ಒಂದೊಂದು ಹೆಸರಿಗೂ ಬೇರೆ ಬೇರೆ ಹುಡುಕ್ಬೇಕು. ಇನ್ನು ಒಂದು ಟ್ರಯಲ್ ಎಷ್ಟು ಚೆನ್ನಾಗಿ ಮಾಡಿದ್ದಾರೆ ಅಂತ ಹೇಳೋ ಪೆಡ್ರೊ ಸ್ಕೋರ್ 10ಕ್ಕೆ 6 ಅಂತ ಮೂಗು ಮುರೀಬೇಡಿ. ಕೈಯಿಂದ ಕೊಡೋ ಚಿಕಿತ್ಸೇಲಿ ಥೆರಪಿಸ್ಟ್‌ಗೆ ತಾನೇನು ಮಾಡ್ತಿದೀನಿ ಅಂತ ಗೊತ್ತಾಗ್ದೇ ಇರೋಕೆ ಸಾಧ್ಯ ಇಲ್ಲ, ಪೇಷಂಟ್‌ನಿಂದ ಮುಚ್ಚಿಡೋದೂ ಕಷ್ಟ, ಹಾಗಾಗಿ ಒಳ್ಳೇ ಟ್ರಯಲ್‌ಗಳಿಗೂ ಅಲ್ಲೇ ಎರಡು ಅಂಕ ಹೋಗುತ್ತೆ. ಸ್ಕೋರ್ ಜಾಸ್ತಿ ಇದ್ರೆ ಚಿಕಿತ್ಸೆ ಕೆಲಸ ಮಾಡುತ್ತೆ ಅಂತಾನೂ ಅಲ್ಲ.

ಹಾಂ, ಫಿಲ್ಟರ್. ಪಬ್‌ಮೆಡ್‌ನಲ್ಲಿ ಒಂದ್ಸಲ 'ಫ್ರೀ ಫುಲ್ ಟೆಕ್ಸ್ಟ್' ಒತ್ತಿದ್ರೆ ಮುಂದಿನ ಸರ್ಚ್‌ಗೂ ಅದು ಹಾಗೇ ಅಂಟ್ಕೊಂಡಿರುತ್ತೆ. ನನ್ನ ಒಬ್ಬ ಸ್ಟೂಡೆಂಟ್ ಮೂರು ವಾರ ಹೀಗೆ ಹುಡುಕಿ ಅರ್ಧಕ್ಕರ್ಧ ಪೇಪರ್ ಕಳ್ಕೊಂಡಿದ್ದ, ಪಾಪ. ಫ್ರೀ ಇಲ್ದಿದ್ರೆ ಏನಂತೆ, ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನ ಯೂನಿವರ್ಸಿಟಿ ಕಾಲೇಜುಗಳವ್ರಿಗೆ ಹೆಲಿನೆಟ್ ಅನ್ನೋ ಆನ್‌ಲೈನ್ ಲೈಬ್ರರಿ ಜಾಲ ಇದೆ, ಲೈಬ್ರರಿಯನ್ ಇದ್ದಾರೆ, ಲೇಖಕರಿಗೆ ಮೇಲ್ ಹಾಕಿದ್ರೆ ಎಷ್ಟೋ ಜನ ಕಳಿಸ್ತಾರೆ.

ಇಷ್ಟೆಲ್ಲಾ ಮಾಡಿದ ಮೇಲೂ ನಿಜವಾಗ್ಲೂ ಏನೂ ಸಿಗ್ದೇ ಇರಬಹುದು, ಅದೂ ಆಗುತ್ತೆ. ಆಗ ಸಿನಾಪ್ಸಿಸ್‌ನಲ್ಲಿ 'ಸ್ಟಡಿ ಇಲ್ಲ' ಅಂತ ಬರೀಬೇಡಿ. ಯಾವ ಡೇಟಾಬೇಸ್, ಯಾವ ತಾರೀಕು, ಯಾವ ಸಾಲು ಹಾಕಿ ಹುಡುಕಿದ್ರಿ, ಎಷ್ಟು ಬಂತು, ಅದನ್ನ ಬರೀರಿ. ಆ ಸಾಲನ್ನ ನಾನೊಂದ್ಸಲ ನನ್ನ ಕಂಪ್ಯೂಟರ್‌ನಲ್ಲಿ ಹಾಕಿ ನೋಡಿ ಆಮೇಲೆ ಸೈನ್ ಹಾಕ್ತೀನಿ.