27, 75, 224, 1: ಅಕ್ಷರದ ಪ್ರಿಂಟರ್ ಚಿತ್ರ ಬಿಡಿಸಿದ ಬಗೆ

ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನ ಮಟ್ಟಿಗೆ ಅಕ್ಷರವೂ ಚುಕ್ಕೆ, ಚಿತ್ರವೂ ಚುಕ್ಕೆ. ಒಂದರ ಕೆಳಗೊಂದು ನಿಂತ ಪಿನ್‌ಗಳು ರಿಬ್ಬನ್ ಮೇಲೆ ಬಡಿಯುತ್ತವೆ, ಕಾಗದದ ಮೇಲೆ ಗುರುತು ಬೀಳುತ್ತದೆ, ಅಷ್ಟೇ. ಆದರೂ ಮೊದಮೊದಲ ಪ್ರಿಂಟರುಗಳಲ್ಲಿ ಚಿತ್ರ ಬಿಡಿಸಲು ದಾರಿ ಇರಲಿಲ್ಲ. 1970ರ ಸೆಂಟ್ರಾನಿಕ್ಸ್ 101ರ ಹೆಡ್‌ನಲ್ಲಿ ಏಳು ಪಿನ್ ಇದ್ದವು. ಯಾವ ಅಕ್ಷರಕ್ಕೆ ಯಾವ ಪಿನ್ ಬಡಿಯಬೇಕು ಅನ್ನೋದು ಪ್ರಿಂಟರಿನ ಒಳಗೇ ತೀರ್ಮಾನವಾಗಿತ್ತು. ಕಂಪ್ಯೂಟರ್ 65 ಅಂತ ಕಳಿಸಿದರೆ ಇಂಗ್ಲಿಷಿನ ಎ ಬೀಳುತ್ತಿತ್ತು. ಪಿನ್‌ಗಳ ಮೇಲೆ ಹೊರಗಿನವರಿಗೆ ಹಿಡಿತ ಇರಲಿಲ್ಲ.

ಆ ಹಿಡಿತ ಸಿಕ್ಕಿದ್ದು 27 ಅನ್ನೋ ಸಂಖ್ಯೆಯ ಮೂಲಕ. ಅಕ್ಷರಗಳಿಗೆ ಸಂಖ್ಯೆ ಗೊತ್ತುಮಾಡುವ ಆಸ್ಕಿ ಪಟ್ಟಿಯಲ್ಲಿ 32ಕ್ಕಿಂತ ಕೆಳಗಿನ ಸಂಖ್ಯೆಗಳೆಲ್ಲ ಕಂಟ್ರೋಲ್ ಕೋಡ್‌ಗಳು. 10 ಬಂದರೆ ಕಾಗದ ಒಂದು ಸಾಲು ಮೇಲೆ, 13 ಬಂದರೆ ಹೆಡ್ ಎಡಕ್ಕೆ, 12 ಬಂದರೆ ಹೊಸ ಪುಟ. ಇಷ್ಟರಲ್ಲೇ ಎಲ್ಲವನ್ನೂ ಹೇಳಲಾಗದು ಅಂತ ಐಬಿಎಂನ ಬಾಬ್ ಬೆಮರ್ ಮೊದಲೇ ಊಹಿಸಿದ್ದರು. ಅವರು ಒತ್ತಾಯಿಸಿ ಸೇರಿಸಿದ್ದು ಎಸ್ಕೇಪ್, ಅಂದರೆ 27. ಇದರ ಹಿಂದೆಯೇ ಬರುವುದು ಅಕ್ಷರವಲ್ಲ, ಆಜ್ಞೆ ಅಂತ ಅರ್ಥ.

1980ರಲ್ಲಿ ಎಪ್ಸನ್ ಎಂಎಕ್ಸ್-80 ಬಂತು. ಒಂಬತ್ತು ಪಿನ್, 80 ಅಕ್ಷರದ ಸಾಲು. ಮೊದಲಿಗೆ ಇದಕ್ಕೂ ಚುಕ್ಕೆ-ಚಿತ್ರ ಬರುತ್ತಿರಲಿಲ್ಲ. ಗ್ರಾಫ್‌ಟ್ರ್ಯಾಕ್ಸ್ ಅನ್ನೋ ಚಿಪ್‌ಗಳನ್ನು ಕೂರಿಸಿದ ಮೇಲೆ ಬಂತು. ಐಬಿಎಂ ತನ್ನ ಪಿಸಿಯ ಜೊತೆ ಮಾರಿದ ಪ್ರಿಂಟರ್ ಕೂಡ ಎಪ್ಸನ್ ಮಾಡಿಕೊಟ್ಟದ್ದೇ, ಮೇಲಿನ ಹೆಸರು ಮಾತ್ರ ಬೇರೆ. ಆಮೇಲೆ ಉಳಿದ ಕಂಪನಿಗಳೂ ಎಪ್ಸನ್ ಕೋಡನ್ನೇ ನಕಲು ಮಾಡತೊಡಗಿದವು. ಈ ಕೋಡಿನ ಹೆಸರು ಇಎಸ್‌ಸಿ/ಪಿ.

ಇದರ ಕೆಲಸ ಹೀಗೆ. 27, 75 ಕಳಿಸಬೇಕು. 75 ಅಂದರೆ ದೊಡ್ಡ ಕೆ. ಆಮೇಲೆ ಎರಡು ಸಂಖ್ಯೆ, ಎಷ್ಟು ಕಾಲಂ ಚಿತ್ರ ಬರಲಿದೆ ಅಂತ ತಿಳಿಸೋದಕ್ಕೆ. ಒಂದು ಬೈಟಿನಲ್ಲಿ 255ಕ್ಕಿಂತ ದೊಡ್ಡದು ಹಿಡಿಯೋದಿಲ್ಲ, ಹಾಗಾಗಿ ಎರಡನೆಯದನ್ನು 256ರಿಂದ ಗುಣಿಸಿ ಮೊದಲನೆಯದಕ್ಕೆ ಕೂಡಿಸಬೇಕು. 224, 1 ಅಂದರೆ 480. ಎಂಟು ಇಂಚಿನ ಸಾಲಿಗೆ ಇಂಚಿಗೆ 60 ಚುಕ್ಕೆಯಂತೆ ಪೂರ್ತಿ ಅಗಲ. ಅಲ್ಲಿಂದ ಮುಂದೆ ಪ್ರತಿ ಬೈಟೂ ಒಂದು ಕಾಲಂ: ಮೇಲಿನ ಪಿನ್‌ಗೆ 128, ಅದರ ಕೆಳಗೆ 64, 32, 16, 8, 4, 2, ಎಂಟನೆಯದಕ್ಕೆ 1. ಬಡಿಯಬೇಕಾದ ಪಿನ್‌ಗಳ ಸಂಖ್ಯೆ ಕೂಡಿಸಿ ಕಳಿಸಿದರಾಯಿತು. ಒಂಬತ್ತನೇ ಪಿನ್ ಸುಮ್ನೆ ಕೂತಿರುತ್ತದೆ, ಬೈಟಿನಲ್ಲಿ ಅದಕ್ಕೆ ಜಾಗ ಇಲ್ಲ.

27, 75, 8, 0, ಆಮೇಲೆ 128, 64, 32, 16, 8, 4, 2, 1 ಕಳಿಸಿ ನೋಡಿ. ಎಡ ಮೇಲಿಂದ ಬಲ ಕೆಳಕ್ಕೆ ಓರೆ ಗೆರೆ ಬೀಳುತ್ತದೆ. ಆದರೆ ಸರಿಯಾದ 45 ಡಿಗ್ರಿ ಓರೆ ಅಲ್ಲ, ಸ್ವಲ್ಪ ಮಲಗಿದ್ದು. ಪಿನ್‌ಗಳ ನಡುವಿನ ಅಂತರ ಇಂಚಿನ 72ನೇ ಒಂದು ಭಾಗ, ಅಡ್ಡಕ್ಕೆ 60ನೇ ಒಂದು ಭಾಗ. ಅದಕ್ಕೇ ಲೆಕ್ಕ ಹಾಕಿ ಬಿಡಿಸಿದ ವೃತ್ತವೂ ಕಾಗದದ ಮೇಲೆ ಮಲಗಿದ ಮೊಟ್ಟೆಯಾಗುತ್ತಿತ್ತು. ಆಮೇಲಿನ ಮಾದರಿಗಳಲ್ಲಿ ಅಡ್ಡಕ್ಕೂ 72 ಚುಕ್ಕೆಯ ಮೋಡ್ ಕೊಟ್ಟರು.

ಕೆ ಬದಲು ಎಲ್ ಕಳಿಸಿದರೆ ಇಂಚಿಗೆ 120 ಚುಕ್ಕೆ. ವೈ ಕಳಿಸಿದರೂ 120, ವೇಗ ಜಾಸ್ತಿ, ಆದರೆ ಒಂದೇ ಪಿನ್ ಅಕ್ಕಪಕ್ಕದ ಎರಡು ಕಾಲಂನಲ್ಲಿ ಬಡಿಯುವಂತಿಲ್ಲ. ಬಡಿದ ಪಿನ್ ಹಿಂದಕ್ಕೆ ಸರಿಯಲು ಸಮಯ ಬೇಕಲ್ವಾ? ಝಡ್ ಅಂದರೆ 240.

ಇದಿಷ್ಟೂ ಅರ್ಧ ದಿನದಲ್ಲಿ ಕಲಿಯಬಹುದಾದದ್ದು. ನಿಜವಾದ ಕಾಟ ಬೇರೆ ಕಡೆ ಇತ್ತು. ಪ್ರೋಗ್ರಾಮಿನಿಂದ ಪ್ರಿಂಟರಿನವರೆಗಿನ ದಾರಿಯನ್ನು ಕಟ್ಟಿದ್ದು ಪಠ್ಯಕ್ಕಾಗಿ. ನಡುವೆ ಇದ್ದವರೆಲ್ಲ, ಅಂದರೆ ಬೇಸಿಕ್ ಭಾಷೆ, ಪಿಸಿಯ ಆಪರೇಟಿಂಗ್ ಸಿಸ್ಟಂ ಆದ ಡಾಸ್, ಪ್ರಿಂಟರಿಗೆ ಜೋಡಿಸುವ ಇಂಟರ್‌ಫೇಸ್ ಕಾರ್ಡ್, ಹಾದುಹೋಗುವುದು ಅಕ್ಷರವೇ ಅಂತ ನಂಬಿ ಸಹಾಯ ಮಾಡಲು ಬರುತ್ತಿದ್ದರು. 80 ಬೈಟ್ ಆದ ಕೂಡಲೇ ಸಾಲು ತುಂಬಿತು ಅಂತ ಬೇಸಿಕ್ ತಾನೇ 13, 10 ಸೇರಿಸುತ್ತಿತ್ತು. ಸಾಲಿನ ಅಗಲ 255 ಅಂತ ಮೊದಲೇ ಹೇಳಿದರೆ ಮಾತ್ರ ಅದು ಸುಮ್ಮನಾಗುತ್ತಿತ್ತು. ಚಿತ್ರದ ನಡುವೆ 26 ಬಂದರೆ ಡಾಸ್‌ನ ಕಾಪಿ ಆಜ್ಞೆ ಫೈಲ್ ಮುಗಿಯಿತು ಅಂದುಕೊಳ್ಳುತ್ತಿತ್ತು, ಬೈನರಿ ಅಂತ ಬಿಡಿಸಿ ಹೇಳದಿದ್ದರೆ. 9 ಬಂದರೆ ಅದು ಟ್ಯಾಬ್ ಅಂತ ಕೆಲವು ಕಡೆ ಸ್ಪೇಸ್‌ಗಳಾಗಿ ಒಡೆಯುತ್ತಿತ್ತು. ಸ್ಪೇಸ್ ಅಂದರೆ 32, ಅಂದರೆ ಮೂರನೇ ಪಿನ್. ಚಿತ್ರದ ಮಧ್ಯೆ ಎಲ್ಲಿಂದಲೋ ಒಂದು ತುಂಡು ಅಡ್ಡಗೆರೆ! ಏಳು ಬಿಟ್ ಮಾತ್ರ ಸಾಗಿಸುವ ಕಾರ್ಡ್ ಆದರೆ 128 ತಲುಪುವುದೇ ಇಲ್ಲ, ಮೇಲಿನ ಪಿನ್ ಬಡಿಯುವುದೇ ಇಲ್ಲ.

ಪ್ರಿಂಟರ್ ಮಾತ್ರ ಎಣಿಕೆ ಬಿಡುತ್ತಿರಲಿಲ್ಲ. 480 ಅಂದಿದ್ದೀರಿ, 480 ಬರುವವರೆಗೂ ಬಂದದ್ದೆಲ್ಲ ಚಿತ್ರ. ಒಂದು ಬೈಟ್ ನಡುವೆ ಕಳೆದುಹೋದರೆ ಮುಂದಿನ ಆಜ್ಞೆಯ 27 ಕೂಡ ಚುಕ್ಕೆಯಾಗಿ ಬೀಳುತ್ತಿತ್ತು. ಆಮೇಲೆ ಬಂದ ಚಿತ್ರವೆಲ್ಲ ಅಕ್ಷರಗಳ ಕಲಸುಮೇಲೋಗರ. ಪ್ರಿಂಟರ್ ಕೆಟ್ಟಿದೆ ಅಂತ ಜನ ಬೈಯುತ್ತಿದ್ದರು, ಅದು ಹೇಳಿದ್ದನ್ನೇ ಮಾಡುತ್ತಿತ್ತು ಪಾಪ.

ಪರದೆಯ ಚಿತ್ರ ಇಳಿಸೋದು ಇನ್ನೊಂದು ಕೆಲಸ. ಪಿಸಿಯ ಸಿಜಿಎ (ಐಬಿಎಂನ ಮೊದಲ ಬಣ್ಣದ ಗ್ರಾಫಿಕ್ಸ್ ಕಾರ್ಡ್) ಪರದೆಯ ಬೈಟಿನಲ್ಲಿ ಚುಕ್ಕೆಗಳು ಅಡ್ಡಕ್ಕೆ, ಪ್ರಿಂಟರಿಗೆ ಬೇಕಾದದ್ದು ಉದ್ದಕ್ಕೆ. ಎಂಟು ಸಾಲಿನಿಂದ ಒಂದೊಂದು ಬಿಟ್ ಕಿತ್ತು ಹೊಸ ಬೈಟ್ ಕಟ್ಟಬೇಕು. ಬೇಸಿಕ್‌ನಲ್ಲಿ ಇದು ಆಮೆ ವೇಗ. ಡಾಸ್‌ನ ಗ್ರಾಫಿಕ್ಸ್ ಆಜ್ಞೆಯನ್ನು ಮೊದಲೇ ಓಡಿಸಿಟ್ಟಿದ್ದರೆ ಶಿಫ್ಟ್ ಜೊತೆ ಪ್ರಿಂಟ್ ಸ್ಕ್ರೀನ್ ಒತ್ತಿದರೆ ಸಾಕಿತ್ತು. 640ಕ್ಕೆ 200ರ ಚಿತ್ರವನ್ನು ಅದು ಪಕ್ಕಕ್ಕೆ ತಿರುಗಿಸಿ ಮುದ್ರಿಸುತ್ತಿತ್ತು.

ಎಲ್ಲರೂ ಎಪ್ಸನ್ ದಾರಿ ಹಿಡಿಯಲಿಲ್ಲ. ಕಮೊಡೋರಿನ ಏಳು ಪಿನ್ ಪ್ರಿಂಟರಿನಲ್ಲಿ 8 ಕಳಿಸಿದರೆ ಚಿತ್ರದ ಮೋಡ್, ಆಮೇಲೆ ಪ್ರತಿ ಬೈಟಿಗೂ 128 ಕೂಡಿಸಬೇಕು. ಆಪಲ್‌ನ ಇಮೇಜ್‌ರೈಟರ್‌ಗೆ ಎಣಿಕೆಯನ್ನು ನಾಲ್ಕು ಅಂಕಿಯಲ್ಲಿ ಬರೆದು ಕೊಡಬೇಕು, ಅಲ್ಲಿ ಮೇಲಿನ ಪಿನ್‌ಗೆ 1. ಎಪ್ಸನ್ ಚಿತ್ರ ಕಳಿಸಿದರೆ ಹೆಡ್ ಒಂದು ಓಟದಲ್ಲಿ ಬಿಡಿಸುವ ಪ್ರತಿ ಪಟ್ಟಿಯೂ ತಲೆಕೆಳಗು. ಹಾಗಾಗಿ ಒಂದೊಂದು ಪ್ರೋಗ್ರಾಮೂ ಒಂದು ರಾಶಿ ಪ್ರಿಂಟರ್ ಡ್ರೈವರುಗಳನ್ನು ಹೊತ್ತು ತಿರುಗಬೇಕಾಯಿತು. ವಿಂಡೋಸ್ ಬಳಕೆಗೆ ಬಂದ ಮೇಲೆ ಆ ಹೊರೆ ಅದರ ತಲೆಗೆ ಹೋಯಿತು.

24 ಪಿನ್ ಪ್ರಿಂಟರುಗಳಲ್ಲಿ ಒಂದು ಕಾಲಂಗೆ ಮೂರು ಬೈಟ್. 24ಕ್ಕೆ 24 ಚುಕ್ಕೆಯ ಜಪಾನಿ ಕಾಂಜಿ ಅಕ್ಷರ ಒಂದೇ ಓಟದಲ್ಲಿ ಮೂಡುತ್ತಿತ್ತು. ಆಜ್ಞೆ 27, 42, ಅಂದರೆ ಎಸ್ಕೇಪ್ ಮತ್ತು ನಕ್ಷತ್ರ ಚಿಹ್ನೆ. ಅದರ ಮುಂದೆ ಮೋಡ್ ಸಂಖ್ಯೆ, ಆಮೇಲೆ ಅದೇ ಹಳೆಯ ಎರಡು ಬೈಟಿನ ಎಣಿಕೆ.

ಈ ಆಜ್ಞೆ ಇನ್ನೂ ಸತ್ತಿಲ್ಲ. ಬಿಲ್ ಕೊಡುವ ಥರ್ಮಲ್ ಪ್ರಿಂಟರುಗಳಲ್ಲಿ ಪಿನ್ ಇಲ್ಲ, ರಿಬ್ಬನ್ ಇಲ್ಲ. ಆದರೂ ಬಹುಪಾಲು ಪ್ರಿಂಟರುಗಳು ಮಾತಾಡುವ ಇಎಸ್‌ಸಿ/ಪಿಒಎಸ್ ಕೋಡಿನಲ್ಲಿ 27, 42 ಇದೆ, 24 ಚುಕ್ಕೆಯ 33ನೇ ಮೋಡ್ ಇದೆ, ಮೇಲಿನ ಚುಕ್ಕೆಗೆ 128 ಇದೆ. ಹಳೆಯ ಕಾಟವೂ ಜೊತೆಗೇ ಬಂದಿದೆ. ಒಂಬತ್ತು ಪಿನ್ ಡಾಟ್ ಮ್ಯಾಟ್ರಿಕ್ಸಿನಲ್ಲಿ ಸಾಮಾನ್ಯ ಸಾಲಿನ ಅಂತರ ಇಂಚಿನ 72ರಲ್ಲಿ 12 ಭಾಗ, ಚಿತ್ರದ ಪಟ್ಟಿಯ ಎತ್ತರ 8 ಭಾಗ. 27, 65, 8 ಕಳಿಸಿ ಅಂತರ ಇಳಿಸದಿದ್ದರೆ ಪಟ್ಟಿಗಳ ನಡುವೆ ಬಿಳಿ ಜಾಗ ಉಳಿಯುತ್ತಿತ್ತು. ಇವತ್ತು ಬಿಲ್ಲಿನ ತಲೆಯಲ್ಲಿರುವ ಲೋಗೋ ಅಡ್ಡಡ್ಡ ಬಿಳಿ ಪಟ್ಟೆಗಳಾಗಿ ಸೀಳಿ ಬಂದರೆ, ಕೋಡ್ ಬರೆದವರು ಮೊದಲು ನೋಡಬೇಕಾದ್ದು ಸಾಲಿನ ಅಂತರವನ್ನೇ.