‘ನನ್ನ ಕೆಲಸಕ್ಕೇನೂ ತೊಂದರೆ ಇಲ್ಲವಲ್ಲ, ಸರ್?’

ಮಾನವ ಸಂಪನ್ಮೂಲ ವಿಭಾಗದವರಿಗೆ ವೃತ್ತಿನೀತಿಯ ತರಬೇತಿ ಕೊಡುವಾಗ ನಾನು ಮೊದಲು ಮುಂದಿಡುವ ಪ್ರಸಂಗವಿದು. ಮುಂದಿನ ತಿಂಗಳು ಕೆಲಸ ಕಳೆದುಕೊಳ್ಳಲಿರುವವರ ಪಟ್ಟಿ ನಿಮ್ಮ ಬಳಿ ಇದೆ. ಗುಟ್ಟು ಕಾಯುತ್ತೇನೆಂದು ಸಹಿ ಹಾಕಿದ್ದೀರಿ. ಪಟ್ಟಿಯಲ್ಲಿರುವ ಸಹೋದ್ಯೋಗಿಯೊಬ್ಬರು ಬಂದು, ‘ನಾಳೆ ಮನೆ ಸಾಲದ ಪತ್ರಕ್ಕೆ ಸಹಿ ಹಾಕುತ್ತಿದ್ದೇನೆ. ನನ್ನ ಕೆಲಸಕ್ಕೇನೂ ತೊಂದರೆ ಇಲ್ಲವಲ್ಲ, ಸರ್?’ ಎನ್ನುತ್ತಾರೆ.

ಹೆಚ್ಚಿನವರು ಕೂಡಲೇ, ಹೆಚ್ಚು ಜನರಿಗೆ ಹೆಚ್ಚು ಸುಖ ತರುವುದೇ ಸರಿ ಎಂದ ಇಂಗ್ಲಿಷ್ ತತ್ತ್ವಜ್ಞಾನಿ ಬೆಂಥಮ್‌ನ ದಾರಿ ಹಿಡಿದು ಲಾಭ-ನಷ್ಟ ತೂಗುತ್ತಾರೆ. ಹೇಳಿದರೆ ಒಂದು ಕುಟುಂಬ ಸಾಲದಿಂದ ಉಳಿಯುತ್ತದೆ; ಸುದ್ದಿ ಹಬ್ಬಿದರೆ ಗ್ರಾಹಕರು ಹಿಂಜರಿದು ಪಟ್ಟಿ ಇನ್ನೂ ಉದ್ದವಾದೀತು. ಈ ತಕ್ಕಡಿಯಲ್ಲಿ ಒಂದು ಕಡೆಯ ನಷ್ಟ ಕಣ್ಣೆದುರಿಗಿದೆ, ಇನ್ನೊಂದು ಬರೀ ಊಹೆ. ಊಹೆಗೆ ಎಷ್ಟು ತೂಕವೆಂಬುದನ್ನು ನಮ್ಮ ಅಂಜಿಕೆಯೇ ಗೊತ್ತುಮಾಡುತ್ತದೆ. ಸುಮ್ಮನಿರಬೇಕೆಂದು ಮೊದಲೇ ನಿಶ್ಚಯಿಸಿದವರ ಲೆಕ್ಕ ಬೇರೆ ಉತ್ತರ ಕೊಟ್ಟದ್ದನ್ನು ನಾನು ಕಂಡಿಲ್ಲ.

ಜರ್ಮನ್ ತತ್ತ್ವಜ್ಞಾನಿ ಕಾಂಟ್ ಕಟ್ಟುನಿಟ್ಟಿನವನು. ಕೊಲೆಗಾರ ಬಾಗಿಲಿಗೆ ಬಂದು ನಿನ್ನ ಗೆಳೆಯ ಒಳಗಿದ್ದಾನೆಯೇ ಎಂದು ಕೇಳಿದರೂ ಸುಳ್ಳಾಡಕೂಡದೆಂದು 1797ರಲ್ಲಿ ವಾದಿಸಿದವನು. ಅಲ್ಲಿಗೇ ಅವನನ್ನು ಕೈಬಿಡುವವರು ಬಹಳ. ಆದರೆ ನಮಗೆ ಬೇಕಾದ ಗೆರೆ ಎಳೆದವನೂ ಅವನೇ: ತಿಳಿದದ್ದನ್ನೆಲ್ಲ ಹೇಳಬೇಕಿಲ್ಲ, ಹೇಳುವುದು ಮಾತ್ರ ನಿಜವಿರಬೇಕು. ‘ಏನೂ ಆಗದು, ಧೈರ್ಯವಾಗಿರಿ’ ಎಂದರೆ ಅದು ಗುಟ್ಟು ಕಾದಂತಲ್ಲ, ಸುಳ್ಳು. ಒಪ್ಪಂದ ಕೇಳಿದ್ದು ಮೌನವನ್ನು, ಸುಳ್ಳನ್ನಲ್ಲ.

ಮೌನವೂ ಸುಲಭವಲ್ಲವೆನ್ನಿ. ನಿನ್ನೆ ಒಬ್ಬರಿಗೆ ‘ತೊಂದರೆ ಇಲ್ಲ’ ಎಂದು, ಇಂದು ಇವರಿಗೆ ‘ಹೇಳಲಾರೆ’ ಎಂದರೆ ಪಟ್ಟಿಯನ್ನೇ ಓದಿ ಹೇಳಿದಂತೆ. ಯಾರ ಕೆಲಸದ ಬಗ್ಗೆಯೂ ಭರವಸೆ ಕೊಡುವುದಿಲ್ಲವೆಂಬ ರೂಢಿ ಪಟ್ಟಿಯೇ ಇಲ್ಲದ ದಿನಗಳಿಂದ ಇರಬೇಕು. ಅದನ್ನು ಪಾಲಿಸುವವರು ಅಪರೂಪ. ಭರವಸೆ ಕೊಟ್ಟು ಒಳ್ಳೆಯವರೆನಿಸಿಕೊಳ್ಳುವ ಆಸೆ ಎಲ್ಲರಿಗೂ.

ಗುಣವಂತನ ನಡೆಯೇ ಸರಿತಪ್ಪಿಗೆ ಅಳತೆ ಎಂದ ಅರಿಸ್ಟಾಟಲನ ಆ ಗುಣವಂತ ಇಲ್ಲಿ ಏನು ಮಾಡಿಯಾನು ಎಂದು ಕೇಳಿದರೆ, ಪ್ರತಿಯೊಬ್ಬರೂ ತಮ್ಮನ್ನೇ ಆ ಜಾಗದಲ್ಲಿ ಕೂರಿಸಿಕೊಳ್ಳುತ್ತಾರೆ. ನನಗೆ ಹೆಚ್ಚು ನೆರವಾದವನು ಬ್ರಿಟಿಷ್ ತತ್ತ್ವಜ್ಞಾನಿ ಡಬ್ಲ್ಯು. ಡಿ. ರಾಸ್. ಕೊಟ್ಟ ಮಾತು ಉಳಿಸಿಕೊಳ್ಳುವುದು, ಕೇಡು ಮಾಡದಿರುವುದು, ಕೃತಜ್ಞತೆ ಹೀಗೆ ಕರ್ತವ್ಯಗಳು ಹಲವು, ಅವುಗಳಿಗೆ ಸ್ಥಿರವಾದ ಮೇಲುಕೀಳಿಲ್ಲ ಎಂದು ಅವನು 1930ರಲ್ಲಿ ಬರೆದ. ಸೋತ ಕರ್ತವ್ಯವೂ ಅಳಿಸಿಹೋಗುವುದಿಲ್ಲ, ಬಾಕಿಯಾಗಿ ಉಳಿಯುತ್ತದೆ. ಹಾಗಾಗಿ ಗುಟ್ಟು ಕಾದವರು ಅದೇ ದಿನ ಮೇಲಧಿಕಾರಿಯ ಬಳಿ ಹೋಗಿ, ಪ್ರಕಟಣೆಯನ್ನು ಬೇಗ ಹೊರಡಿಸಿ ಎಂದು ಒತ್ತಾಯಿಸಬೇಕು. ತರಬೇತಿಯಲ್ಲಿ ಈ ಮಾತು ತಾನಾಗಿ ಬರುವುದೇ ಇಲ್ಲ. ಪಟ್ಟಿಯ ದಿನಾಂಕ ಕಲ್ಲಿನಲ್ಲಿ ಕೆತ್ತಿದ್ದೆಂದೇ ಎಲ್ಲರ ಎಣಿಕೆ.

‘ಉತ್ತರಿಸಲು ನನಗೆ ಅನುಮತಿ ಇಲ್ಲ. ಒಂದು ತಿಂಗಳು ತಡೆದು ಸಹಿ ಹಾಕಲಾದೀತೇ ನೋಡಿ’ ಎಂದರೆ ಗುಟ್ಟು ಒಡೆದಂತಾಗುವುದಿಲ್ಲವೇ ಎಂದು ಕೇಳುತ್ತಾರೆ. ಹೌದು, ಒಡೆದಂತೆಯೇ. ಮೇಲಧಿಕಾರಿ ಒಪ್ಪದೆ ಹೋದರೆ ನಾನಂತೂ ಅಷ್ಟನ್ನು ಹೇಳುತ್ತೇನೆ. ಹೇಳಿದೆನೆಂದು ಮೇಲಧಿಕಾರಿಗೂ ಅಂದೇ ತಿಳಿಸುತ್ತೇನೆ.