ಕೂಸಾ ನದಿಯ ಬಸವನಹುಳುಗಳು: ನೀರಿತ್ತು, ಹರಿವಿರಲಿಲ್ಲ

ಅಮೆರಿಕದ ಅಲಬಾಮಾ ರಾಜ್ಯದ ಕೂಸಾ ನದಿ ಮೊದಲು ಹಲವು ಕಡೆ ಬಂಡೆಗಳ ಮೇಲೆ ತೆಳ್ಳಗೆ, ರಭಸವಾಗಿ ಹರಿಯುತ್ತಿತ್ತು. ಜಲವಿದ್ಯುತ್ತಿಗಾಗಿ 1914ರಲ್ಲಿ ಲೇ ಅಣೆಕಟ್ಟು, 1920ರ ದಶಕದಲ್ಲಿ ಮಿಚೆಲ್ ಮತ್ತು ಜೋರ್ಡನ್, 1960ರ ದಶಕದಲ್ಲಿ ಮತ್ತಷ್ಟು ಕಟ್ಟೆಗಳು ಎದ್ದವು. 30ಕ್ಕೂ ಹೆಚ್ಚು ಬಗೆಯ ಬಸವನಹುಳುಗಳು ನಿರ್ನಾಮವಾದವು.

ನಮ್ಮ ಕೆರೆಗಳ ಬಸವನಹುಳು ನಿಂತ ನೀರಲ್ಲೇ ಚೆನ್ನಾಗಿ ಬದುಕುತ್ತದಲ್ಲ, ಜಲಾಶಯದಿಂದ ಇವಕ್ಕೇನು ತೊಂದರೆ ಎನಿಸಬಹುದು. ಕೂಸಾದ ಹೆಚ್ಚಿನವು ಕಿವಿರಿನಿಂದ ಉಸಿರಾಡುವ, ಬಂಡೆಯ ಮೇಲಿನ ಪಾಚಿ ಕೆರೆದು ತಿನ್ನುವ, ಅಲ್ಲೇ ಮೊಟ್ಟೆ ಅಂಟಿಸುವ ಜೀವಿಗಳು. ಹರಿವು ನಿಂತೊಡನೆ ಹೂಳು ಕೂತು ಪಾಚಿಯೂ ಮೊಟ್ಟೆಯೂ ಮುಚ್ಚಿಹೋಗುತ್ತವೆ. ಆಳದ ನೀರಿಗೆ ಬಿಸಿಲು ತಾಗದು. ಬೇಸಿಗೆಯಲ್ಲಿ ಅಲ್ಲಿ ಆಮ್ಲಜನಕವೂ ಕುಸಿಯುತ್ತದೆ. ತೆವಳಿಯೇ ಸಾಗುವ ಹುಳು ಜಲಾಶಯ ದಾಟಿ ಬೇರೆಡೆ ನೆಲೆಸುವುದು ಹೇಗೆ?

ಗೈರೊಟೋಮಾ ಎಂಬ ಕುಲವನ್ನೇ ನೋಡಿ. ಚಿಪ್ಪಿನ ಬಾಯಿಯ ಮೇಲ್ತುದಿಯಲ್ಲಿ ಗರಗಸದಿಂದ ಕೊಯ್ದಂಥ ಸೀಳು ಅದರ ಗುರುತು. ಆರೂ ಪ್ರಭೇದಗಳು ಕೂಸಾದವೇ. ಈಗ ಒಂದೂ ಇಲ್ಲ. ಹರ್ಬರ್ಟ್ ಸ್ಮಿತ್ 20ನೇ ಶತಮಾನದ ಆರಂಭದಲ್ಲಿ ಇಲ್ಲಿ ಚಿಪ್ಪು ಸಂಗ್ರಹಿಸದೇ ಹೋಗಿದ್ದರೆ ಎಷ್ಟು ಬಗೆ ಹೋಯಿತೆಂಬ ಲೆಕ್ಕವೂ ಸಿಗುತ್ತಿರಲಿಲ್ಲ. ಅಳಿವಿನಂಚಿನ ಜೀವಿಗಳ ಕಾಯ್ದೆ ಬಂದದ್ದು 1973ರಲ್ಲಿ. ಅಷ್ಟರಲ್ಲಿ ಕಟ್ಟೆಗಳೆಲ್ಲ ಮುಗಿದಿದ್ದವು.

ಕಟ್ಟೆಯ ಕೆಳಗಿನ ತೊಂದರೆ ಬೇರೆ. ಟರ್ಬೈನ್ ನಿಲ್ಲಿಸಿದಾಗ ನದಿಯ ಪಾತ್ರ ಒಣಗುತ್ತದೆ. ಅಂಚಿನ ಹುಳುಗಳು ಬಿಸಿಲಿಗೆ ಸಿಕ್ಕಿ ಸಾಯುತ್ತವೆ. 1967ರಲ್ಲಿ ಬೌಲ್ಡಿನ್ ವಿದ್ಯುದಾಗಾರಕ್ಕೆ ಜೋರ್ಡನ್ ಜಲಾಶಯದಿಂದಲೇ ಕಾಲುವೆ ತೆಗೆದ ಮೇಲೆ ಹಳೆಯ ಪಾತ್ರಕ್ಕೆ ನೀರು ಇನ್ನಷ್ಟು ಕಡಿಮೆಯಾಯಿತು. ಟುಲೋಟೋಮಾ ಮ್ಯಾಗ್ನಿಫಿಕಾ ಎಂಬ ಬಸವನಹುಳು ಇಂಥ ಕಡೆಯೂ ಹೇಗೋ ಉಳಿಯಿತು. ಚಿಪ್ಪಿನ ಮೇಲೆ ಗಂಟುಗಳ ಸಾಲು. ಹಗಲಲ್ಲಿ ದೊಡ್ಡ ಕಲ್ಲುಗಳ ಅಡಿಯಲ್ಲೇ ಅದರ ವಾಸ. ಹಾಗಾಗಿ ಮೇಲಿಂದ ನೋಡಿ ಎಣಿಸಿದರೆ ಲೆಕ್ಕ ತಪ್ಪುತ್ತದೆ. ಕಲ್ಲೆತ್ತಿ, ಎಣಿಸಿ, ಮೊದಲಿದ್ದ ಮಗ್ಗುಲಲ್ಲೇ ಮರಳಿ ಇಡಬೇಕು.

1991ರಲ್ಲಿ ಇದು ಅಳಿವಿನಂಚಿನ ಪಟ್ಟಿ ಸೇರಿತು. ಜೋರ್ಡನ್ ಕಟ್ಟೆಯಿಂದ ಸದಾ ಕನಿಷ್ಠ ಪ್ರಮಾಣದ ನೀರು ಬಿಡತೊಡಗಿದ ಮೇಲೆ ಕೆಳಗಿನ ಬಂಡೆಗಳಲ್ಲಿ ಸಂಖ್ಯೆ ಏರಿತು. ಕೆಲವು ಉಪನದಿಗಳಲ್ಲೂ ಹೊಸ ನೆಲೆಗಳು ಪತ್ತೆಯಾದವು. 2011ರಲ್ಲಿ ಅದನ್ನು ಒಂದು ಮೆಟ್ಟಿಲು ಕಡಿಮೆ ಅಪಾಯದ ವರ್ಗಕ್ಕೆ ಇಳಿಸಲಾಯಿತು. ಕಟ್ಟೆ ಒಡೆಯಬೇಕಾಗಲಿಲ್ಲ, ನೀರು ಬಿಡುವ ಕ್ರಮ ಬದಲಾಯಿತು, ಅಷ್ಟೆ. ಈ ಕ್ರಮ 1920ರ ದಶಕದಲ್ಲೇ ಬಂದಿದ್ದರೂ ಜಲಾಶಯದಡಿ ಹೂತ ಗೈರೊಟೋಮಾ ಮಾತ್ರ ಉಳಿಯುತ್ತಿರಲಿಲ್ಲ.